ಅಪರಿಚಿತರ ಪಂಕ್ತಿಯಲ್ಲಿ ಒಂದು ಹಬ್ಬ

ಕಾಳಗಿ, ಸೇಡಂ, ಚಿಂಚೋಳಿ ಭಾಗದ ನಮ್ಮ ಮಕ್ಕಳು ಇಂದು ವಿದ್ಯಾಭ್ಯಾಸ, ಉದ್ಯೋಗಗಳ ನಿಮಿತ್ತ ಅಮೆರಿಕೆಯವರೆಗೂ ಹೋಗಿ ನೆಲೆಸುತ್ತಿದ್ದಾರೆ. ಅಲ್ಲಿ ಸಹಪಾಠಿಯೋ ನೆರೆಯವರೋ ಯೆಹೂದ್ಯರಾಗಿದ್ದರೆ, ವಸಂತದ ಒಂದು ಸಂಜೆ ಹಬ್ಬದೂಟಕ್ಕೆ ಕರೆ ಬರುವುದುಂಟು. ಆ ಹಬ್ಬದ ಹೆಸರು ಪೆಸಾಖ್; ಕನ್ನಡ ಬೈಬಲಿನಲ್ಲಿ ಇದೇ ಪಸ್ಕ. ಮಗ ಈ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದರೆ ಊರಿನ ತಾಯಿ ಕೇಳುವ ಮೊದಲ ಮಾತು, "ಅಲ್ಲಿ ನೀ ಏನ್ ಉಣ್ತಿಯಪ್ಪಾ?" ಎಂಬುದೇ. ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಲಿಂಗಧಾರಿಗೆ ಊಟವೂ ಆಚಾರದ ಭಾಗವೇ.

ಯೆಹೂದ್ಯರ ಪೂರ್ವಜರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಗೊಂಡ ಸ್ಮರಣೆಯೇ ಈ ಹಬ್ಬ. ಇದು ನೀಸಾನ್ ಮಾಸದ ಹುಣ್ಣಿಮೆಯ ಹಬ್ಬ. 2025ರಲ್ಲಿ ನಮ್ಮ ದವನದ ಹುಣ್ಣಿಮೆಯಂದೇ, ಏಪ್ರಿಲ್ 12ರ ಸಂಜೆ ಆರಂಭವಾಯಿತು. ಮೊದಲ ರಾತ್ರಿಯ ಊಟಕ್ಕೆ ಸೆದರ್ ಎನ್ನುತ್ತಾರೆ, ಅಂದರೆ ಕ್ರಮ. ಆರಂಭದಲ್ಲಿಯೇ ಮನೆಯ ಯಜಮಾನನು ಹಸಿದವರೆಲ್ಲರೂ ಬಂದು ಉಣ್ಣಲೆಂದು ಆಹ್ವಾನಿಸುತ್ತಾನೆ. ಕಲಬುರಗಿಯ ಶರಣಬಸವೇಶ್ವರರ ದಾಸೋಹವನ್ನು ಬಲ್ಲ ನಮಗೆ ಇದು ಹೊಸ ಮಾತಲ್ಲ. ಆದರೆ ದಾಸೋಹಕ್ಕೆ ಯಾರೂ ಕರೆಯದೆಯೇ ಹೋಗಬಹುದು. ಇಲ್ಲಿ ಮುಂಚಿತವಾಗಿ ಕರೆಯಿಸಿಕೊಂಡು ಹೋಗುವುದೇ ಪದ್ಧತಿ. 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಹಿಲೆಲ್ ಎಂಬ ಸಂಸ್ಥೆಯು ಮನೆಯಿಂದ ದೂರವಿರುವ ವಿದ್ಯಾರ್ಥಿಗಳಿಗೆ ಇಂಥ ಊಟವನ್ನು ಏರ್ಪಡಿಸುತ್ತದೆ.

ಇನ್ನು ತಾಯಿಯ ಪ್ರಶ್ನೆಗೆ ಬರೋಣ. ಪೂರ್ವಜರು ಹಿಟ್ಟು ಹುದುಗುವ ಮೊದಲೇ ಹೊರಟರೆಂಬ ನೆನಪಿಗೆ ಅಂದು ಬ್ರೆಡ್ಡು ವರ್ಜ್ಯ. ತಿನ್ನುವುದು ಮಾಟ್ಸಾ ಎಂಬ ಗೋಧಿಯ ರೊಟ್ಟಿ. ಹಿಟ್ಟಿಗೆ ನೀರು ತಾಗಿದ 18 ನಿಮಿಷದೊಳಗೆ ಅದು ಬೆಂದಿರಬೇಕು. ನೋಡಲು ನಮ್ಮ ಕಡಕ್ ರೊಟ್ಟಿಯಂತೆಯೇ. ರುಚಿಯಲ್ಲಿ ನಮ್ಮ ಜೋಳದ್ದೇ ಮೇಲು ಎನ್ನದೆ ಇರಲಾರೆ! ಕಹಿ ಬೇರು ಅಥವಾ ಸೊಪ್ಪು, ಸೇಬು ಹಾಗೂ ಬೀಜಗಳ ಸಿಹಿ ಮಿಶ್ರಣ, ಕಣ್ಣೀರಿನ ಸಂಕೇತವಾದ ಉಪ್ಪುನೀರು ಇರುತ್ತವೆ. ಯುಗಾದಿಯ ಬೇವು-ಬೆಲ್ಲ ನೆನಪಾಗದಿರದು. ತಟ್ಟೆಯಲ್ಲೊಂದು ಮೊಟ್ಟೆ, ಒಂದು ಎಲುಬು ಕೂಡ ಇರುತ್ತದೆ. ಇದನ್ನು ಕಂಡು ನಮ್ಮವರು ಬೆಚ್ಚಬಾರದು. ಎಲುಬು ಸಂಕೇತ ಮಾತ್ರ, ಅದನ್ನು ಯಾರೂ ತಿನ್ನುವುದಿಲ್ಲ. ಶಾಕಾಹಾರಿ ಯೆಹೂದ್ಯರು ಅದರ ಬದಲು ಬೀಟ್‌ರೂಟ್ ಇಡುವುದೂ ಉಂಟು. ನಾಲ್ಕು ಬಟ್ಟಲು ದ್ರಾಕ್ಷಾಮದ್ಯದ ಕ್ರಮವಿದೆ. ಕುಡಿಯದವರಿಗೆ ಬರಿಯ ದ್ರಾಕ್ಷಿರಸವೂ ಸಮ್ಮತವೇ. ನಿಜವಾದ ತೊಡಕು ಬೇರೆಯೇ ಇದೆ. ಯುರೋಪು ಮೂಲದ ಅನೇಕ ಯೆಹೂದ್ಯರು ಹಬ್ಬದ ದಿನಗಳಲ್ಲಿ ಅನ್ನ, ಬೇಳೆ, ಕಡಲೆಗಳನ್ನೂ ಬಿಡುತ್ತಾರೆ. ಆದ್ದರಿಂದ ಮಾಂಸ, ಮೊಟ್ಟೆ ಒಲ್ಲೆನೆಂಬುದನ್ನು ಮೊದಲೇ ತಿಳಿಸಿದರೆ ಬಟಾಟೆ, ತರಕಾರಿಯ ಏರ್ಪಾಡು ಮಾಡಲು ಅವರಿಗೆ ಅನುಕೂಲ. ಪಠಣವೆಲ್ಲ ಮುಗಿದು ಊಟ ಬರುವುದು ತಡವಾಗಿ. ಇಷ್ಟಲಿಂಗ ಪೂಜೆ ತೀರಿಸಿಕೊಂಡೇ ಹೊರಡುವುದು ಲೇಸು.

ಬರಿಗೈಯಲ್ಲಿ ಹೋಗುವುದು ನಮ್ಮ ಸಂಪ್ರದಾಯವಲ್ಲ. ಆದರೆ ಊರಿನಿಂದ ಬಂದ ಹೋಳಿಗೆಯನ್ನು ಮಾತ್ರ ಒಯ್ಯಬಾರದು. ಅದರ ಗೋಧಿಯ ಕಣಕ ಅಂದು ಆ ಮನೆಗೆ ಸಲ್ಲದು, ಕಡಲೆಬೇಳೆಯ ಹೂರಣವೂ ಅನೇಕ ಮನೆಗಳಿಗೆ ಸಲ್ಲದು. ಹೂವು ಸಾಕು.

ಅತಿಥಿಯು ಅಲ್ಲಿ ಸುಮ್ಮನೆ ಕುಳಿತು ನೋಡುವವನಲ್ಲ. ಮನೆಯ ಅತಿ ಚಿಕ್ಕ ಮಗು ಈ ರಾತ್ರಿ ಬೇರೆ ರಾತ್ರಿಗಳಂತೆ ಏಕಿಲ್ಲವೆಂದು ಕೇಳುತ್ತದೆ. ಹಿರಿಯರು ಬಿಡುಗಡೆಯ ಕಥೆ ಹೇಳುತ್ತಾರೆ. ಹಗ್ಗದಾ ಎಂಬ ಪುಸ್ತಕವು ಅನೇಕ ಮನೆಗಳಲ್ಲಿ ಕೈಯಿಂದ ಕೈಗೆ ಸಾಗಿ, ಓದುವ ಸರದಿ ಅತಿಥಿಗೂ ಬರುತ್ತದೆ. ಆಗ ಯಾರಾದರೂ ನಿಮ್ಮ ಸೀಮೆಯ ಕಥೆಯೇನೆಂದು ಕೇಳಿದರೆ? ದೇಶ ಸ್ವತಂತ್ರವಾಗಿ 13 ತಿಂಗಳ ನಂತರ, 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಪಡೆದ ನೆಲ ನಮ್ಮದು. ಆ ದಿನಗಳನ್ನು ಬಲ್ಲ ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ, ವಿಮಾನ ಹತ್ತುವ ಮುನ್ನ ಮಗನನ್ನು ಒಂದು ಸಂಜೆ ಅವರ ಬಳಿ ಕೂಡಿಸಿರಿ.