ಉಡುತಡಿಯ ಹುಡುಗಿ ಒಡ್ಡಿದ ಕರಾರು



ಯುಗಾದಿ ಹತ್ತಿರ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಗಳಿಂದ ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದನ್ನು ನೀವು ಕಂಡಿರುತ್ತೀರಿ. ಉರಿಬಿಸಿಲಿನಲ್ಲಿ ನಡೆದು ಅವರು ಸೇರುವುದು ಮಲ್ಲಯ್ಯನ ಸನ್ನಿಧಿಯನ್ನು. ಎಂಟುನೂರು ವರ್ಷಗಳಿಗೂ ಹಿಂದೆ ಅದೇ ಮಲ್ಲಯ್ಯನನ್ನು ಅರಸಿ ಒಬ್ಬ ತರುಣಿ ಮನೆ, ಅರಮನೆ ಎರಡನ್ನೂ ಬಿಟ್ಟು ನಡೆದಳು. ಆಕೆ ಅವನನ್ನು ಕರೆದದ್ದು ಚೆನ್ನಮಲ್ಲಿಕಾರ್ಜುನ ಎಂದು. ಆಕೆಯೇ ಅಕ್ಕಮಹಾದೇವಿ. ಪಠ್ಯಪುಸ್ತಕದಲ್ಲಿ ಅಕ್ಕನನ್ನು ನಾವು ಶಿವಶರಣೆಯಾಗಿ ಓದುತ್ತೇವೆ. ಮದುವೆಯ ಒತ್ತಾಯಕ್ಕೆ ಸಿಕ್ಕಿದ ಹರೆಯದ ಹುಡುಗಿಯಾಗಿ ಓದುವುದು ಕಡಿಮೆ.

ಆ ಕಾಲದ ಮದುವೆಯ ಪದ್ಧತಿಯನ್ನು ಸ್ವಲ್ಪ ನೆನೆಯೋಣ. 'ಕನ್ಯಾದಾನ' ಎಂಬ ಮಾತಿನಲ್ಲೇ ಎಲ್ಲವೂ ಇದೆ. ಕೊಡುವವನು ತಂದೆ, ಕೊಳ್ಳುವವನು ವರ, ಕೊಡಲ್ಪಡುವವಳು ಮಗಳು. ಈ ಮೂವರಲ್ಲಿ ಮಗಳು ಮಾತನಾಡಬೇಕಾದ ಜಾಗವೇ ಇಲ್ಲ. ಧರ್ಮಶಾಸ್ತ್ರಗಳಂತೂ ಹೆಣ್ಣು ಮೈನೆರೆಯುವ ಮೊದಲೇ ಮದುವೆ ಮಾಡಬೇಕೆಂದು ತಂದೆಗೆ ಅವಸರ ಹಚ್ಚಿದ್ದವು. ಇನ್ನು ಹೆಣ್ಣು ಕೇಳಿದವನು ಅರಸನೇ ಆದರೆ, ಕೊಡುವ ತಂದೆಯ ಬಾಯಿಯೂ ಕಟ್ಟಿದಂತೆಯೇ.

ಮಹಾದೇವಿಗೆ ಆದದ್ದು ಇದೇ. ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿ ಆಕೆಯ ಊರು. ಶಿವಭಕ್ತರ ಮನೆಯ ಮಗಳು. ಮೆರವಣಿಗೆಯಲ್ಲಿ ಬರುತ್ತಿದ್ದ ಕೌಶಿಕ ರಾಜ ಆಕೆಯನ್ನು ಕಂಡು ಮರುಳಾದ. ಹೆಣ್ಣು ಕೇಳಲು ಮಂತ್ರಿಗಳನ್ನು ಕಳಿಸಿದ. ಅವನು ಭವಿ, ಎಂದರೆ ಲಿಂಗಧಾರಣೆ ಮಾಡದವನು. ತಂದೆತಾಯಿಗಳು ಒಪ್ಪಲಿಲ್ಲ. ಆಗ ಬಂದವರ ದನಿ ಬದಲಾಯಿತು. ಕೊಡದಿದ್ದರೆ ತಂದೆತಾಯಿಗಳ ಜೀವಕ್ಕೇ ಸಂಚಕಾರ ಎಂಬ ಬೆದರಿಕೆ ಬಂತು. ಹೆದರಿದ ಹಿರಿಯರು ಮಗಳ ಕಡೆ ತಿರುಗಿ ಒಪ್ಪಿಕೋ ಎಂದು ಬೇಡಿಕೊಂಡರು. ಈ ಘಟ್ಟವನ್ನು ಗಮನಿಸಿ. ಪ್ರೀತಿಸುವ ತಂದೆತಾಯಿಗಳೇ ಬೇಡಿದಾಗ ಒಲ್ಲೆ ಎನ್ನುವುದು ರಾಜನಿಗೆ ಒಲ್ಲೆ ಎನ್ನುವುದಕ್ಕಿಂತಲೂ ಕಷ್ಟ.

ಮುಂದೇನಾಯಿತು? ಇಲ್ಲಿ ನಮ್ಮ ಕವಿಗಳೇ ಎರಡು ದಾರಿ ಹಿಡಿಯುತ್ತಾರೆ. ಅಕ್ಕನ ಕಾಲಕ್ಕೆ ಹತ್ತಿರದವನಾದ ಹರಿಹರ ತನ್ನ 'ಮಹಾದೇವಿಯಕ್ಕನ ರಗಳೆ'ಯಲ್ಲಿ ಮದುವೆ ನಡೆಯಿತು ಎನ್ನುತ್ತಾನೆ. ಆದರೆ ಕರಾರುಗಳ ಮೇಲೆ ನಡೆದ ಮದುವೆ ಅದು. ಹದಿನೈದನೆಯ ಶತಮಾನದ ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ಮದುವೆ ಆಗಲೇ ಇಲ್ಲ ಎನ್ನುತ್ತಾನೆ. ಅರಮನೆಗೆ ಹೋದ ಮಹಾದೇವಿ ರಾಜನಿಗೆ ವಶವಾಗದೆ ಹೊರಟುಬಿಡುತ್ತಾಳೆ. ವಿದ್ವಾಂಸರಲ್ಲಿ ಈ ಬಗ್ಗೆ ದೀರ್ಘ ಚರ್ಚೆಯೇ ನಡೆದಿದೆ. ಅಕ್ಕನ ವಚನಗಳಲ್ಲಿ ಅತ್ತೆ, ಮಾವ, ಗಂಡ ಎಂಬ ಮಾತುಗಳು ಬರುವುದುಂಟು. ಆದರೆ ಮಾಯೆ, ಸಂಸಾರಗಳನ್ನೇ ಅತ್ತೆ ಮಾವ ಎಂದು ಕರೆದಿರುವಾಗ ಅವುಗಳಿಂದ ಮದುವೆಯನ್ನು ಸಾಧಿಸುವುದು ಕಷ್ಟ. ಅಕ್ಕನ ಮೇಲಿನ ಪೂಜ್ಯಭಾವ ಬೆಳೆದಂತೆ, ಭವಿಯೊಡನೆ ಆದ ಮದುವೆ ನಂತರದವರಿಗೆ ಒಂದು ಕಳಂಕದಂತೆ ಕಂಡಿರಬಹುದು. ನನ್ನ ಮಟ್ಟಿಗೆ ಹರಿಹರನ ಕಥೆಯೇ ಹೆಚ್ಚು ನಿಜವೆನಿಸುತ್ತದೆ. ತಂದೆತಾಯಿಗಳನ್ನು ಉಳಿಸಲು ಒಪ್ಪಿ, ಒಪ್ಪಿದ ಮೇಲೂ ತನ್ನನ್ನು ಬಿಟ್ಟುಕೊಡದ ಹುಡುಗಿ ಅಲ್ಲಿದ್ದಾಳೆ.

ಆ ಕರಾರುಗಳು ಯಾವುವು? ನನ್ನ ಇಚ್ಛೆಯಂತೆ ಲಿಂಗಪೂಜೆಯಲ್ಲಿರುತ್ತೇನೆ, ನನ್ನ ಇಚ್ಛೆಯಂತೆ ಶಿವಭಕ್ತರ ಸಂಗದಲ್ಲಿರುತ್ತೇನೆ, ನನ್ನ ಇಚ್ಛೆಯಂತೆ ಗುರುಸೇವೆಯಲ್ಲಿರುತ್ತೇನೆ. ಮೂರು ತಪ್ಪುಗಳವರೆಗೆ ಸೈರಿಸುತ್ತೇನೆ. ಮೇಲ್ನೋಟಕ್ಕೆ ಇವು ಭಕ್ತಿಯ ಮಾತುಗಳು. ಸ್ವಲ್ಪ ಬಿಡಿಸಿ ನೋಡಿ. ಮೊದಲನೆಯದು ತನ್ನ ಹೊತ್ತು ತನ್ನದು ಎನ್ನುತ್ತದೆ. ಎರಡನೆಯದು ಯಾರೊಡನೆ ಕೂಡಬೇಕು, ಮಾತಾಡಬೇಕು ಎಂಬುದನ್ನು ತಾನೇ ತೀರ್ಮಾನಿಸುತ್ತೇನೆ ಎನ್ನುತ್ತದೆ. ಮೂರನೆಯದು ತಾನು ಯಾರ ಮಾತು ಕೇಳಬೇಕೆಂಬುದನ್ನು ಗಂಡನ ಕೈಯಿಂದ ತಪ್ಪಿಸುತ್ತದೆ. ಗಂಡನ ಮನೆಗೆ ಹೋದ ಹೆಣ್ಣು ಮೊದಲು ಕಳೆದುಕೊಳ್ಳುತ್ತಿದ್ದುದು ಈ ಮೂರನ್ನೇ ಅಲ್ಲವೇ? ಕೌಶಿಕ ಮೂರು ಸಲವೂ ಮಾತು ತಪ್ಪಿದ. ಲೆಕ್ಕ ಮುಗಿಯಿತು. ಆಕೆ ಉಡುಗೆ ತೊಡುಗೆಗಳನ್ನೂ ಅಲ್ಲೇ ಬಿಟ್ಟು ಹೊರಟಳು.

ಕರಾರು ಮುರಿದಾಗ ದೂರು ಕೊಡಲು ಆಕೆಗೆ ಯಾರಿದ್ದರು? ದೊರೆಯೇ ಗಂಡ. ಇಂದಿನ ಹುಡುಗಿಯ ಸ್ಥಿತಿ ಆ ಮಟ್ಟಿಗೆ ಬೇರೆ. 1929ರ ಶಾರದಾ ಕಾಯಿದೆ ಹೆಣ್ಣಿನ ಮದುವೆಗೆ 14 ವರ್ಷ ಗೊತ್ತುಮಾಡಿತು. 1978ರಲ್ಲಿ ಅದು 18 ಆಯಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆ ಬಂತು. ಕರ್ನಾಟಕವು 2016ರ ತಿದ್ದುಪಡಿಯಿಂದ ಅಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಗೊತ್ತಾದ ಕೂಡಲೇ 1098ಕ್ಕೆ ಯಾರು ಬೇಕಾದರೂ ದೂರವಾಣಿ ಮಾಡಬಹುದು. ಓದುವ ಗೆಳತಿಯೂ ಮಾಡಬಹುದು.

ಮತ್ತೆ ಅಕ್ಕನ ಕಡೆಗೆ ಬರೋಣ. ಉಡುತಡಿ ಬಿಟ್ಟವಳು ಕಲ್ಯಾಣಕ್ಕೆ ಬಂದಾಗ ಶರಣರು ಒಮ್ಮೆಗೇ ಕೈಹಿಡಿದು ಕರೆದುಕೊಳ್ಳಲಿಲ್ಲ. ನಿನ್ನ ಗಂಡ ಯಾರು ಎಂದು ಅಲ್ಲಮಪ್ರಭು ಎಲ್ಲರೆದುರು ಕೇಳಿದ್ದನ್ನೂ, ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಕೆಣಕಿದ್ದನ್ನೂ 'ಶೂನ್ಯಸಂಪಾದನೆ' ವಿವರವಾಗಿ ಹೇಳುತ್ತದೆ. ಮನೆ ಬಿಟ್ಟು ಬಂದ ಹೆಣ್ಣನ್ನು ಸಮಾಜ ಕೇಳುವ ಮೊದಲ ಪ್ರಶ್ನೆ ಅಲ್ಲಿಯೂ ಅದೇ ಆಗಿತ್ತೆಂಬುದು ಸೋಜಿಗ. ಚೆನ್ನಮಲ್ಲಿಕಾರ್ಜುನನೇ ಗಂಡ ಎಂದು ಆಕೆ ತಡವರಿಸದೆ ಉತ್ತರಿಸಿದಳು. ಶರಣರು ಮದುವೆಯ ವಿರೋಧಿಗಳೇನೂ ಅಲ್ಲ. ನೀಲಾಂಬಿಕೆ, ಆಯ್ದಕ್ಕಿ ಲಕ್ಕಮ್ಮ ಮುಂತಾದ ವಚನಕಾರ್ತಿಯರು ಗೃಹಿಣಿಯರೇ. ಲಕ್ಕಮ್ಮನಂತೂ ಗಂಡನನ್ನೇ ತಿದ್ದಿದವಳು. ಆ ಗೃಹಸ್ಥರ ನಡುವೆ ಒಂಟಿ ಹೆಣ್ಣೊಬ್ಬಳು 'ಅಕ್ಕ' ಎನಿಸಿಕೊಂಡಳು. ಅಲ್ಲಿಂದ ಮುಂದೆ ಶ್ರೀಶೈಲದ ಕದಳಿಗೆ ಹೋದಳು.

ಕವಿಗಳು ಹೇಳಿದ್ದು ಹಾಗಿರಲಿ, ಅಕ್ಕನ ಸ್ವಂತ ಮಾತೂ ನಮಗೆ ಸಿಕ್ಕಿದೆ. 300ಕ್ಕೂ ಹೆಚ್ಚು ವಚನಗಳಿವೆ. ಸತ್ತು ಅಳಿದುಹೋಗುವ ಗಂಡರು ತನಗೆ ಬೇಡ ಎಂಬ ನಿಷ್ಠುರ ಅವುಗಳಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ಮಠಗಳಲ್ಲಿ, ಮನೆಗಳ ಅಟ್ಟದ ಮೇಲೆ ಕಟ್ಟಿಟ್ಟಿದ್ದ ವಚನಗಳ ತಾಳೆಗರಿಗಳನ್ನು ಊರೂರು ತಿರುಗಿ ಕೂಡಿಸಿದವರು ಫ. ಗು. ಹಳಕಟ್ಟಿಯವರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ನಿಮ್ಮ ಬೆಳಗಾವಿಯಲ್ಲೇ.