ಹಿಂದಿನ ಗಾಜು ನೋಡಿ, ಕಾರು ಯಾವುದು ಹೇಳಿ

ಫೋಟೊದಲ್ಲಿ ಕಾರಿನ ಹಿಂದಿನ ಗಾಜು ಬಿಟ್ಟರೆ ಬೇರೇನೂ ಇಲ್ಲ. ಬಲ್ಲವರಿಗೆ ಅಷ್ಟೇ ಸಾಕು. ಮಾಡೆಲ್ ಜೊತೆಗೆ ಇಸವಿಯನ್ನೂ ಹೇಳಿಬಿಡುತ್ತಾರೆ.

ಫೋಕ್ಸ್‌ವ್ಯಾಗನ್ ಬೀಟಲ್ ನೋಡಿ. ನಡುವೆ ಪಟ್ಟಿ ಬಂದು ಗಾಜು ಎರಡು ಹೋಳಾಗಿದ್ದರೆ, ಅದು 1953ರ ಮಾರ್ಚ್‌ಗಿಂತ ಹಿಂದಿನದು. ಒಂದೇ ಗಾಜು, ಮೊಟ್ಟೆಯ ಆಕಾರವೇ? 1953ರಿಂದ 1957ರ ನಡುವಿನದು. ಅಗಲವಾದ ಆಯತವಾದರೆ, ಆಮೇಲಿನದು.

ಷೆವರ್ಲೆ ಕಾರ್ವೆಟ್ ಇನ್ನೂ ಸುಲಭ. ಹಿಂದಿನ ಗಾಜನ್ನು ಸೀಳುವ ಪಟ್ಟಿ ಇದ್ದದ್ದು 1963ರ ಕೂಪೆಯಲ್ಲಿ ಮಾತ್ರ. ಹಿಂದಿನ ರಸ್ತೆ ಸರಿಯಾಗಿ ಕಾಣದೆಂಬ ದೂರು ಬಂದು, ಮುಂದಿನ ಮಾಡೆಲ್‌ನಲ್ಲೇ ಅದು ಮಾಯ!

ಗಾಜಿನ ಮೇಲಂಚು ಹಿಂದಕ್ಕೆ ಚಾಚಿ, ಕೆಳಗೆ ಒಳಮುಖವಾಗಿ ಓರೆಯಾಗಿದ್ದರೆ? 1959ರಲ್ಲಿ ಬಂದ ಬ್ರಿಟನ್ನಿನ ಫೋರ್ಡ್ ಆಂಗ್ಲಿಯಾ ಇರಬಹುದು. 1961ರ ಫ್ರೆಂಚ್ ಕಾರು ಸಿಟ್ರೊಎನ್ ಆಮಿ 6 ಕೂಡ ಇರಬಹುದು. ಆಗ ಹೆಡ್‌ಲೈಟೂ ಕಾಣಬೇಕು: ಆಂಗ್ಲಿಯಾದ್ದು ದುಂಡು, ಆಮಿಯದು ಆಯತ.