ಬೋಟ್ ಶೌಚಾಲಯದ ಗಬ್ಬು ವಾಸನೆಗೆ ಫಿನೈಲ್ ಮದ್ದಲ್ಲ: ಕಾರಣ ಎಲ್ಲಿದೆ? ಪರಿಹಾರವೇನು?

ಕೇರಳದ ಆಲಪ್ಪುಳದಲ್ಲಿ ಹೌಸ್‌ಬೋಟ್ ಏರಿದವರಿಗೆ ಹಿನ್ನೀರು, ತೆಂಗಿನ ಸಾಲು, ಕರಿಮೀನ್ ಊಟ ಎಲ್ಲವೂ ಇಷ್ಟವಾಗುತ್ತದೆ. ಆದರೆ ಕೆಲವೊಮ್ಮೆ ರಾತ್ರಿ ಬಾಗಿಲು ಮುಚ್ಚಿ ಎಸಿ ಹಾಕಿದ ಮೇಲೆ ಶೌಚಾಲಯದ ಕಡೆಯಿಂದ ಕೊಳೆತ ಮೊಟ್ಟೆಯಂಥ ವಾಸನೆ ಶುರುವಾಗುತ್ತದೆ. ಫಿನೈಲ್ ಸುರಿದರೂ ಏರ್ ಫ್ರೆಶ್‌ನರ್ ಹೊಡೆದರೂ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಏಕೆಂದರೆ ಬೋಟ್‌ನಲ್ಲಿ ವಾಸನೆ ಹುಟ್ಟುವುದು ಹೆಚ್ಚಾಗಿ ಕಮೋಡ್‌ನಲ್ಲಲ್ಲ, ಅದರ ಹಿಂದಿರುವ ಪೈಪ್ ಮತ್ತು ಟ್ಯಾಂಕ್‌ನಲ್ಲಿ.

ಮನೆಯ ಶೌಚಾಲಯಕ್ಕಿಂತ ಹೇಗೆ ಭಿನ್ನ?

ಮನೆಯಲ್ಲಿ ಫ್ಲಶ್ ಮಾಡಿದ್ದು ಇಳಿಜಾರಿನಲ್ಲಿ ಹರಿದು ಒಳಚರಂಡಿ ಸೇರುತ್ತದೆ. ಬೋಟ್‌ನಲ್ಲಿ ಇಳಿಜಾರಿಗೆ ಜಾಗ ಕಡಿಮೆ. ಹೀಗಾಗಿ ಅನೇಕ ಬೋಟ್‌ಗಳಲ್ಲಿ ಪಂಪ್ ಮೂಲಕ ತ್ಯಾಜ್ಯವನ್ನು ಪೈಪ್‌ಗೆ ತಳ್ಳಿ ಟ್ಯಾಂಕ್‌ನಲ್ಲಿ ಶೇಖರಿಸಲಾಗುತ್ತದೆ. ಅದು ವಾಪಸ್ ಬರದಂತೆ ತಡೆಯುವುದು ಒಂದು ಸಣ್ಣ ರಬ್ಬರ್ ವಾಲ್ವ್. ಅದು ಸವೆದರೆ ಅಥವಾ ಅದರ ಮೇಲೆ ಉಪ್ಪು ಕಟ್ಟಿದರೆ ಕೊಳಕು ನೀರು ಕಮೋಡ್‌ಗೆ ಜಿನುಗುತ್ತದೆ.

ಕೊಳೆತ ಮೊಟ್ಟೆಯ ವಾಸನೆ ಏಕೆ?

ಗಾಳಿ ಸಿಗದ ಕಡೆ ತ್ಯಾಜ್ಯ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಫ್ಲಶ್‌ಗೆ ಸಮುದ್ರದ ನೀರು ಬಳಸುವ ಬೋಟ್‌ಗಳಲ್ಲಿ ಈ ಕಾಟ ಹೆಚ್ಚು. ಆ ನೀರಿನಲ್ಲಿ ಸಲ್ಫೇಟ್ ಮತ್ತು ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಬೋಟ್ ನಾಲ್ಕು ದಿನ ಸುಮ್ಮನೆ ನಿಂತರೆ ಅವು ಪೈಪ್‌ನೊಳಗೇ ಸತ್ತು ಕೊಳೆಯುತ್ತವೆ. ಶೌಚಾಲಯ ಬಳಸದೇ ಇದ್ದರೂ ಮೊದಲ ಫ್ಲಶ್‌ಗೇ ಮೂಗು ಮುಚ್ಚಿಕೊಳ್ಳಬೇಕಾಗುವುದು ಇದಕ್ಕೇ. ಬೋಟ್ ನಿಲ್ಲಿಸುವ ಮುನ್ನ ಸಿಹಿನೀರನ್ನು ಇಡೀ ವ್ಯವಸ್ಥೆಯಲ್ಲಿ ಹಾಯಿಸಿದರೆ ಈ ತೊಂದರೆ ತಪ್ಪುತ್ತದೆ.

ಮೂಲ ಪತ್ತೆಗೆ ಬಿಸಿ ಬಟ್ಟೆ ಪರೀಕ್ಷೆ

ಹಳೆಯ ಪೈಪ್ ಎಲ್ಲೂ ಸೋರದಿದ್ದರೂ ವಾಸನೆ ಅದರ ಗೋಡೆಯ ಮೂಲಕವೇ ಹೊರಬರಬಹುದು. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಪೈಪ್‌ಗೆ ಸುತ್ತಿ. ತಣಿದ ಮೇಲೆ ತೆಗೆದು ಮೂಸಿ ನೋಡಿ. ಬಟ್ಟೆಗೆ ವಾಸನೆ ಹತ್ತಿದ್ದರೆ ಪೈಪ್ ಬದಲಿಸುವುದೊಂದೇ ದಾರಿ.

ವಾಸನೆ ತಡೆಯಲು ಏನು ಮಾಡಬೇಕು?

* ಕಮೋಡ್ ಖಾಲಿಯಾದ ಕೂಡಲೇ ಪಂಪ್ ನಿಲ್ಲಿಸಬೇಡಿ. ತ್ಯಾಜ್ಯ ಟ್ಯಾಂಕ್ ಮುಟ್ಟುವವರೆಗೆ ನೀರು ಹಾಯಿಸಿ.
* ಟ್ಯಾಂಕ್‌ನ ಗಾಳಿ ಕೊಳವೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ. ಟ್ಯಾಂಕ್‌ನೊಳಗೆ ಗಾಳಿ ಆಡಿದರೆ ದುರ್ವಾಸನೆ ತಗ್ಗುತ್ತದೆ.
* ಆಗಾಗ ಬಿಳಿ ವಿನೆಗರ್ ಹಾಕಿ ಕೆಲ ಗಂಟೆ ಬಿಟ್ಟು ಫ್ಲಶ್ ಮಾಡಿ. ಮೂತ್ರ ಮತ್ತು ಉಪ್ಪುನೀರಿನಿಂದ ಕಟ್ಟುವ ಗಟ್ಟಿ ಪದರ ಸಡಿಲವಾಗುತ್ತದೆ.
* ಸವೆದ ರಬ್ಬರ್ ವಾಲ್ವ್, ವಾಷರ್‌ಗಳನ್ನು ತಡಮಾಡದೆ ಬದಲಿಸಿ.
* ಸ್ಯಾನಿಟರಿ ಪ್ಯಾಡ್, ಡೈಪರ್, ವೆಟ್ ವೈಪ್ಸ್, ಸಿಗರೇಟ್ ತುಂಡು ಹಾಕಲೇಬೇಡಿ.

ಏನು ಮಾಡಬಾರದು?

ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಅಥವಾ ವಿನೆಗರ್ ಬೆರೆಸಬಾರದು. ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬೋಟ್‌ನ ಪುಟ್ಟ ಶೌಚಾಲಯದಲ್ಲಿ ಅದು ಇನ್ನೂ ಅಪಾಯಕಾರಿ. ಬಯೋ ಟ್ಯಾಂಕ್ ಇದ್ದರೆ ಫಿನೈಲ್, ಆ್ಯಸಿಡ್ ಎರಡೂ ಬೇಡ. ರೈಲಿನ ಬಯೋ ಟಾಯ್ಲೆಟ್‌ನಂತೆ ಇಲ್ಲೂ ತ್ಯಾಜ್ಯ ಕರಗಿಸುವುದು ಬ್ಯಾಕ್ಟೀರಿಯಾ. ಅವು ಸತ್ತರೆ ಟ್ಯಾಂಕ್ ಬರೀ ಗುಂಡಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ತೊಳೆಯಲೆಂದು ಯಾರನ್ನೂ ಟ್ಯಾಂಕ್ ಒಳಗೆ ಇಳಿಸಬಾರದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ವಾಸನೆ ಗ್ರಹಿಸುವುದನ್ನೇ ನಿಲ್ಲಿಸುತ್ತದೆ. ‘ವಾಸನೆ ಹೋಯಿತು’ ಎಂದು ಇಳಿದವರು ಪ್ರಜ್ಞೆ ತಪ್ಪಿ ಸಾಯಬಹುದು. ನೆಲದ ಮೇಲಿನ ಸೆಪ್ಟಿಕ್ ಟ್ಯಾಂಕ್‌ಗಳಲ್ಲಿ ಕಾರ್ಮಿಕರ ಜೀವ ತೆಗೆಯುವ ಅನಿಲಗಳಲ್ಲಿ ಇದೂ ಒಂದು. ಅಲ್ಲಿ ರಕ್ಷಣೆಯಿಲ್ಲದೆ ಕಾರ್ಮಿಕರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಟ್ಯಾಂಕ್ ಖಾಲಿ ಮಾಡಲು ಹೊರಗಿನಿಂದ ಪಂಪ್ ಬಳಸುವುದೇ ಸರಿಯಾದ ಕ್ರಮ.

ಟ್ಯಾಂಕ್ ತುಂಬಿದ ಮೇಲೆ ಎಲ್ಲಿಗೆ?

ಶೌಚಾಲಯ ಘಮಘಮ ಎನ್ನುತ್ತಿದ್ದರೂ ಟ್ಯಾಂಕನ್ನು ಕತ್ತಲಲ್ಲಿ ಕೆರೆಗೆ ಬಿಟ್ಟರೆ ಅದು ಸ್ವಚ್ಛತೆ ಅಲ್ಲ. ಅಂತಾರಾಷ್ಟ್ರೀಯ ಯಾನದ ದೊಡ್ಡ ಹಡಗುಗಳು ಟ್ಯಾಂಕ್‌ನಲ್ಲಿಟ್ಟ ಸಂಸ್ಕರಿಸದ ಮಲಿನ ನೀರನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ, ಅಂದರೆ ಸುಮಾರು 22 ಕಿ.ಮೀ.ಗಿಂತ ಆಚೆ ಹೋಗಿಯೇ ನಿಧಾನವಾಗಿ ಬಿಡಬೇಕು ಎನ್ನುತ್ತದೆ ಮಾರ್ಪೋಲ್ ಒಪ್ಪಂದ. ಹಿನ್ನೀರಿನ ಕಾಲುವೆಗಳಲ್ಲಿ ಅಷ್ಟು ದೂರ ಎಲ್ಲಿಂದ ಬರಬೇಕು? ದಡದಲ್ಲೇ ಮನೆಗಳಿವೆ. ಜನ ಅದೇ ನೀರಿನಲ್ಲಿ ಸ್ನಾನ ಮಾಡುತ್ತಾರೆ, ಪಾತ್ರೆ ತೊಳೆಯುತ್ತಾರೆ, ಮೀನು ಹಿಡಿಯುತ್ತಾರೆ. 2002ರಲ್ಲಿ ರಾಮ್ಸರ್ ಪಟ್ಟಿ ಸೇರಿದ ವೆಂಬನಾಡ್ ಜೌಗು ಪ್ರದೇಶ ಇದು.

ಹಾಗಾಗಿ ಹೌಸ್‌ಬೋಟ್ ಬುಕ್ ಮಾಡುವಾಗ ಎಸಿ, ಊಟದ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಶೌಚಾಲಯಕ್ಕೆ ಟ್ಯಾಂಕ್ ಇದೆಯೇ? ಅದನ್ನು ಎಲ್ಲಿ ಖಾಲಿ ಮಾಡುತ್ತೀರಿ? ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಬೋಟ್ ನೋಡಿಕೊಳ್ಳುವುದು ಒಳ್ಳೆಯದು.